ಶಾಂಘೈನಲ್ಲಿ ನಮ್ಮ ಕಾಕಾನ ಕನ್ನಡ

ಶಾಂಘೈ ಪಟ್ಟಣದಲ್ಲಿ ಇದುವರೆಗೆ ಅತಿ ಹೆಚ್ಚು ಕನ್ನಡ ಮಾತಾಡಿದವರು ಯಾರು ಎಂದು ಯಾರಾದರೂ ಲೆಕ್ಕ ಹಾಕಿದರೆ ಮೊದಲ ಸ್ಥಾನ ನಮ್ಮ ಕಾಕಾನದು. ಎರಡನೆಯ ಸ್ಥಾನ ಖಾಲಿ. ನೀನೂ ಜೊತೆಗಿದ್ದೆಯಲ್ಲ ಅನ್ನುತ್ತೀರಾ? ಕಾಕಾ ಪಕ್ಕದಲ್ಲಿರುವಾಗ ಉಳಿದವರಿಗೆ ಮಾತಾಡುವ ಸರದಿ ಎಲ್ಲಿ ಬರುತ್ತದೆ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಕಲಬುರಗಿ ಕಡೆಯಿಂದ ಚಿಕ್ಕಂದಿನಲ್ಲೇ ಹೈದರಾಬಾದಿಗೆ ಬಂದು, ಬಾಲಾನಗರದ ಒಂದು ಕಾರ್ಖಾನೆಯಲ್ಲಿ ದಿನವಿಡೀ ತಗಡು ಬಡಿಯುವ ಪ್ರೆಸ್ಸುಗಳ ನಡುವೆ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಿವೃತ್ತಿ ಅನ್ನುವುದು ಕಾರ್ಖಾನೆಯವರ ಅಭಿಪ್ರಾಯ. ಕಾಕಾ ಅದನ್ನು ಒಪ್ಪಲಿಲ್ಲ. ಮನೆಯ ಗಡಿಯಾರ, ಫ್ಯಾನು, ಮಿಕ್ಸರ್, ಪಕ್ಕದ ಮನೆಯವರ ಇಸ್ತ್ರಿಪೆಟ್ಟಿಗೆ, ಯಾವುದನ್ನೂ ಸುಮ್ಮನೆ ಬಿಡಲಿಲ್ಲ. ಕೆಟ್ಟಿದ್ದರೆ ಸರಿಮಾಡಲು ಬಿಚ್ಚುತ್ತಿದ್ದರು. ಸರಿಯಿದ್ದರೆ, ಅದು ಯಾಕೆ ಸರಿಯಿದೆ ಎಂದು ನೋಡಲು ಬಿಚ್ಚುತ್ತಿದ್ದರು.

ಅವರ ಮಾತಿನ ರೀತಿಯೂ ಹಾಗೆಯೇ. “ಕಾಕಾ, ಚಹಾ ತರಲೇನ್ರಿ?” ಎಂದರೆ “ಅದರ ಸ್ಪ್ರಿಂಗ್ ಸಡ್ಲ ಆಗೇತಿ” ಎನ್ನುತ್ತಿದ್ದರು. ನೆಂಟರ ಮದುವೆಗಳಲ್ಲಿ ನಾವು ಇಂಥ ಉತ್ತರಗಳನ್ನು ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕಾಕಾನೂ ನಮ್ಮ ಜೊತೆ ನಗುತ್ತಿದ್ದರು.

ಹೈದರಾಬಾದಿಗೆ ಸಾಫ್ಟ್‌ವೇರ್ ಜ್ವರ ಏರಿದ್ದ ಕಾಲ ಅದು. ನಮ್ಮ ಕಂಪನಿ ನನ್ನನ್ನು ಒಂದು ತಿಂಗಳ ಕೆಲಸಕ್ಕೆ ಶಾಂಘೈಗೆ ಕಳಿಸುವುದೆಂದಾಯಿತು. ಇರಲು ಫ್ಲ್ಯಾಟು ಕೊಡುತ್ತಾರೆ, ಬೇಕಾದರೆ ಮನೆಯವರೊಬ್ಬರನ್ನು ಸ್ವಂತ ಖರ್ಚಿನಲ್ಲಿ ಕರೆದೊಯ್ಯಬಹುದು. ಮದುವೆಯಾಗದ ಹುಡುಗಿ ಒಬ್ಬಳೇ ಹೇಗೆ ಹೋಗುವುದು ಎಂದು ಅಮ್ಮ ಚಿಂತೆಗೆ ಬಿದ್ದಾಗ ಕಾಕಾನ ಹೆಂಡತಿ, ನಮ್ಮ ಕಾಕು, ತಕ್ಷಣ ಪರಿಹಾರ ಸೂಚಿಸಿದರು.

“ನಿಮ್ಮ ಕಾಕಾನ್ನ ಕರಕೊಂಡು ಹೋಗವ್ವಾ. ಒಂದು ತಿಂಗಳರ ನಾ ಮಿಕ್ಸರ್‌ನ್ಯಾಗ ಚಟ್ನಿ ರುಬ್ಬಿಕೋತೀನಿ.”

ಶಂಶಾಬಾದಿನ ವಿಮಾನ ನಿಲ್ದಾಣ ಆಗಿನ್ನೂ ಹೊಸದು. ತಪಾಸಣೆಯಲ್ಲಿ ಕಾಕಾನ ಜೇಬಿನಿಂದ ಒಂದು ಸ್ಕ್ರೂಡ್ರೈವರ್ ಹೊರಬಂತು. ಕನ್ನಡಕದ ಡಬ್ಬಿಯಿಂದ ಇನ್ನೊಂದು. ಮೂರನೆಯದು ಎಲ್ಲಿಂದ ಬಂತೆಂದು ನಾನು ಬರೆಯುವುದಿಲ್ಲ. ಪೊಲೀಸಿನವನು ಮೂರನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿ ಕಾಕಾನ ಮುಖ ನೋಡಿದ.

“ಹಥಿಯಾರ್ ನಹೀಂ ಸಾಬ್, ಆದತ್” ಎಂದರು ಕಾಕಾ. ಆಯುಧವಲ್ಲ ಸಾಹೇಬರೇ, ಅಭ್ಯಾಸ. ಪೊಲೀಸಿನವನು ನಕ್ಕ, ಆದರೆ ಅಭ್ಯಾಸವನ್ನು ಮಾತ್ರ ಹಿಂದಿರುಗಿಸಲಿಲ್ಲ.

ಶಾಂಘೈನಲ್ಲಿ ನಮ್ಮ ಫ್ಲ್ಯಾಟು ಹದಿನೆಂಟನೆಯ ಮಹಡಿಯಲ್ಲಿತ್ತು. ಮುಂದಿನ ಕಿಟಕಿಯಿಂದ ನೋಡಿದರೆ ಗಾಜಿನ ಗೋಪುರಗಳು, ಇನ್ನೂ ಬೆಳೆಯುತ್ತಿರುವ ಕಟ್ಟಡಗಳ ತಲೆಯ ಮೇಲೆ ಕ್ರೇನುಗಳು. ಹಿಂದಿನ ಕಿಟಕಿಯಿಂದ ಬಗ್ಗಿ ನೋಡಿದರೆ ಕಪ್ಪು ಹಂಚಿನ ಹಳೆಯ ಮನೆಗಳ ಓಣಿಗಳು, ಬಿದಿರ ಗಳುಗಳ ಮೇಲೆ ಒಣಗುವ ಬಟ್ಟೆಗಳು, ಕಲ್ಲಿನ ಚೌಕಟ್ಟಿನ ಬಾಗಿಲುಗಳು. ನಮ್ಮ ಊರಿನಲ್ಲಿ ಹೈಟೆಕ್ ಸಿಟಿಯಿಂದ ಹಳೇ ಊರಿಗೆ ಹೋಗಬೇಕಾದರೆ ಒಂದು ಗಂಟೆ ಬಸ್ಸಿನಲ್ಲಿ ಜೋತಾಡಬೇಕು. ಇಲ್ಲಿ ಎರಡೂ ಒಂದೇ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದವು.

ಕಾಕಾಗೆ ಮಾತ್ರ ಎರಡೂ ಕಿಟಕಿ ಬೇಕಿರಲಿಲ್ಲ. ಅವರ ಮನಸ್ಸೆಲ್ಲ ಲಿಫ್ಟಿನ ಮೇಲೆ. ಮೊದಲ ದಿನವೇ ಅದರ ಗುಂಡಿಗಳನ್ನು ಎಣಿಸಿ, ಮೆಟ್ಟಿಲು ಹತ್ತಿ ಲೆಕ್ಕ ತಾಳೆ ನೋಡಿ, ಏದುಸಿರು ಬಿಡುತ್ತ ಬಂದರು.

“ಯವ್ವಾ, ನಮಗ ಮೋಸ ಆಗೇತಿ. ನಾವಿರೋದು ಹದಿನೆಂಟನೇದಲ್ಲ, ಹದಿನೈದನೇದು. ನಾಕು, ಹದಿಮೂರು, ಹದಿನಾಕು ಇಲ್ಲೇ ಇಲ್ಲ.”

ಕೆಳಗೆ ಹೋಗಿ ಕಾವಲುಗಾರನನ್ನು ಕನ್ನಡದಲ್ಲೇ ವಿಚಾರಿಸಿದರು. ಅವನು ಅಂಗೈ ಮೇಲೆ ನಾಲ್ಕು ಎಂದು ಬರೆದು, ಕಣ್ಣು ಮುಚ್ಚಿ, ನಾಲಿಗೆ ಹೊರಚಾಚಿ ಕುರ್ಚಿಯಲ್ಲಿ ಸತ್ತುಬಿದ್ದ. “ನಾಕು ಅಂದ್ರ ಇವರಿಗೆ ಸಾವಂತ” ಎಂದು ಕಾಕಾ ನನಗೆ ಅನುವಾದ ಮಾಡಿ ಹೇಳಿದರು. ನಾನು ನನ್ನ ಚೀನೀ ಕಲಿಕೆಯ ಪುಸ್ತಕ ತೆರೆದು ನೋಡಿದೆ. ನಿಜ. ಚೀನೀ ಭಾಷೆಯಲ್ಲಿ ನಾಲ್ಕು ಮತ್ತು ಸಾವು, ಎರಡಕ್ಕೂ ಹತ್ತಿರಹತ್ತಿರ ಒಂದೇ ಉಚ್ಚಾರ.

ಆ ಪುಸ್ತಕದ ಕತೆಯನ್ನೂ ಹೇಳಬೇಕು. ಹೊರಡುವ ಮೊದಲು ಎರಡು ತಿಂಗಳು ರಾಗ ಎಳೆದೆಳೆದು ಚೀನೀ ಭಾಷೆ ಕಲಿತಿದ್ದೆ. ಹೋಟೆಲಿನಲ್ಲಿ ಸೂಪ್ ಕೇಳಿದೆ. ಬಡಿಸುವ ಹುಡುಗಿ ಸಕ್ಕರೆ ತಂದುಕೊಟ್ಟಳು. ಎರಡಕ್ಕೂ ಒಂದೇ ಪದ, ರಾಗ ಮಾತ್ರ ಬೇರೆ; ನನ್ನದು ಕೊಂಚ ಮೇಲೇರಿತಂತೆ. ಕಾಕಾ ಅದೇ ಹುಡುಗಿಯನ್ನು ಕರೆದು, “ಗಂಟಲ ಒಣಗೇತಿ ತಂಗಿ, ಒಂದೀಟು ಬಿಸಿನೀರು ಕೊಡು” ಎಂದು ಗಂಟಲು ಮುಟ್ಟಿ ತೋರಿಸಿದರು. ಬಿಸಿನೀರು ಬಂತು, ಜೊತೆಗೆ ಕಾಕಾನ ಬೆನ್ನಿಗೊಂದು ಮೆತ್ತನೆಯ ದಿಂಬು ಬಂತು. ನಾನು ಸಕ್ಕರೆ ತಿನ್ನುತ್ತ ನೋಡಿದೆ.

“ಅವರಿಗೆ ಕನ್ನಡ ಬರಂಗಿಲ್ಲ ಕಾಕಾ” ಎಂದೆ.

“ಇಂಗ್ಲಿಷ್ ಸೈತ ಬರಂಗಿಲ್ಲಲ್ಲ. ತಿಳಿಯಂಗಿಲ್ಲ ಅಂದಮ್ಯಾಲೆ ನನ್ನ ಮಾತಿನ್ಯಾಗ ಮಾತಾಡಿದ್ರ ಏನಾತು?”

ನಾನು ಪುಸ್ತಕ ಮುಚ್ಚಿ ಬದಿಗಿಟ್ಟೆ.

ಎರಡನೆಯ ವಾರದ ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ಫ್ಲ್ಯಾಟು ಖಾಲಿಯಾಗಿತ್ತು. ಎಷ್ಟು ಹೊತ್ತಾದರೂ ಕಾಕಾ ಬರಲಿಲ್ಲ. ಅವರ ಬಳಿ ಫೋನಿಲ್ಲ, ಭಾಷೆಯಿಲ್ಲ. ಕೆಳಗೆ ಓಡಿದೆ. ಕಾವಲುಗಾರ ನನ್ನನ್ನು ಕಂಡೊಡನೆ ಕಣ್ಣಿಗೆ ಬೆರಳುಗಳಿಂದ ಕನ್ನಡಕ ಹಾಕಿಕೊಂಡು, ಸ್ಕ್ರೂ ತಿರುಗಿಸುವವನಂತೆ ಕೈ ತಿರುಗಿಸಿ, ಹಿಂದಿನ ಓಣಿಯ ಕಡೆ ತೋರಿಸಿದ. ಕಾಕಾನನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸುವುದು ನನ್ನಿಂದಲೂ ಆಗದು.

ಓಣಿಯ ಗೋಡೆಗಳ ಮೇಲೆಲ್ಲ ಬಿಳಿ ಬಣ್ಣದ ಒಂದೇ ಅಕ್ಷರ. ಕೆಡವಬೇಕಾದ ಮನೆಗಳ ಮೇಲೆ ಹಾಗೆ ಬರೆಯುತ್ತಾರೆಂದು ಆಫೀಸಿನಲ್ಲಿ ಕೇಳಿದ್ದೆ. ಹುರಿದ ಬೆಳ್ಳುಳ್ಳಿಯ ವಾಸನೆ, ಬಾಗಿಲಲ್ಲೇ ಸೊಪ್ಪು ಸೋಸುವ ಹೆಂಗಸರು, ಸೈಕಲ್ಲುಗಳು. ನಾಲ್ಕನೆಯ ಬಾಗಿಲಿನ ಮುಂದೆ ಒಂದು ಗುಂಪು. ಗುಂಪಿನ ನಡುವೆ ಪುಟ್ಟ ಮಣೆಯ ಮೇಲೆ ಕಾಕಾ, ಅವರ ಮುಂದೆ ಒಂದು ಹೊಲಿಗೆ ಯಂತ್ರದ ಕರುಳೆಲ್ಲ ಹಳೆಯ ಪತ್ರಿಕೆಯ ಮೇಲೆ ಹರಡಿಬಿದ್ದಿತ್ತು. ಯಂತ್ರದ ಒಡತಿ, ಎಂಬತ್ತು ದಾಟಿದ ಅಜ್ಜಿ, ದೀಪ ಹಿಡಿದು ನಿಂತಿದ್ದಳು. ಕಾಕಾ ಅವಳಿಗೆ ಕನ್ನಡದಲ್ಲಿ, ಎಣ್ಣೆ ಬಿಡದೆ ಯಂತ್ರ ತುಳಿಯುವವರ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸುತ್ತಿದ್ದರು.

ಅಜ್ಜಿಯ ಮೊಮ್ಮಗಳಿಗೆ ಇಂಗ್ಲಿಷ್ ಬರುತ್ತಿತ್ತು. ನನ್ನ ವಯಸ್ಸಿನವಳೇ. “ನಿಮ್ಮ ಚಿಕ್ಕಪ್ಪ ಒಂಬತ್ತು ದಿನದಿಂದ ಬರುತ್ತಿದ್ದಾರೆ” ಎಂದಳು. “ಮುಂದಿನ ತಿಂಗಳು ನಾವೆಲ್ಲ ಹೊಸ ಕಟ್ಟಡಗಳಿಗೆ ಹೋಗಬೇಕು. ಸಾಮಾನೆಲ್ಲ ಸರಿಮಾಡಿಸಿಕೊಂಡು ಹೋಗುವ ಆಸೆ ಎಲ್ಲರಿಗೂ. ಇಡೀ ಓಣಿಯ ಗಡಿಯಾರಗಳು ಈಗ ಒಂದೇ ಸಮಯ ತೋರಿಸುತ್ತಿವೆ.”

ನಾನು ಹೆಮ್ಮೆಯಿಂದ ಬೀಗುತ್ತಿರುವಾಗ ಅಜ್ಜಿ ಏನೋ ಹೇಳಿದಳು. ಮೊಮ್ಮಗಳು ಹೇಳಿದಳು, “ಅವರಿಗೆ ಕಿವಿ ಕೇಳಿಸುವುದು ನಿಂತು ಎಷ್ಟು ವರ್ಷವಾಯಿತು, ಎಂದು ಅಜ್ಜಿ ಕೇಳುತ್ತಿದ್ದಾಳೆ.”

“ಚೆನ್ನಾಗಿಯೇ ಕೇಳಿಸುತ್ತದೆ” ಎಂದೆ.

ಮೊಮ್ಮಗಳು ಅದನ್ನು ಅಜ್ಜಿಗೆ ತಿಳಿಸಿದಳು. ಅಜ್ಜಿ ಕಾಕಾನ ಬೆನ್ನ ಹಿಂದೆ ಹೋಗಿ, ಕೈಗೆ ಸಿಕ್ಕ ತಗಡಿನ ಬೋಗುಣಿಯನ್ನು ಕಲ್ಲಿನ ಮೇಲೆ ಬೀಳಿಸಿದಳು. ನಾನು ಬೆಚ್ಚಿದೆ. ಗುಂಪಿಗೆ ಗುಂಪೇ ತಿರುಗಿ ನೋಡಿತು. ಕಾಕಾ ಬಗ್ಗಿಕೊಂಡೇ ಸೂಜಿಯ ಕಂಬಿಗೆ ಎಣ್ಣೆ ಬಿಡುತ್ತಿದ್ದರು.

“ಅಜ್ಜ ಬಟ್ಟೆ ಗಿರಣಿಯಲ್ಲಿದ್ದರು, ಮಗ್ಗಗಳ ಸದ್ದಿಗೆ ಕಿವಿ ಹೋಗಿತ್ತು” ಎಂದಳು ಮೊಮ್ಮಗಳು. “ಅವರೂ ಹೀಗೆಯೇ ಎದುರಿಗಿದ್ದವರ ತುಟಿ ನೋಡುತ್ತಿದ್ದರಂತೆ. ಅಜ್ಜಿಗೆ ಮೊದಲ ದಿನವೇ ಗೊತ್ತಾಯಿತು.”

ಎಲ್ಲಿಯೋ ಇದ್ದ ಚೀನೀ ಅಜ್ಜಿಗೆ ಒಂದು ದಿನದಲ್ಲಿ ತಿಳಿದದ್ದು ನನಗೆ ಇಷ್ಟು ವರ್ಷ ತಿಳಿದಿರಲಿಲ್ಲ. ಮದುವೆ ಮನೆಗಳಲ್ಲಿ ನಾವು ನಗುವಾಗ ಕಾಕಾ ಯಾವ ಮಾತಿಗೆ ನಗುತ್ತಿದ್ದರು? ನಾವು ನಗುತ್ತಿದ್ದೇವೆ ಎಂಬುದಕ್ಕೆ ಮಾತ್ರ.

ವಾಪಸು ಬರುವಾಗ ಓಣಿಯ ದೀಪದ ಕೆಳಗೆ ಅವರ ಎದುರಿಗೆ ನಿಂತು, ಮುಖ ಕಾಣುವಂತೆ, ನಿಧಾನವಾಗಿ ಕೇಳಿದೆ. “ಕಾಕಾ, ಕಿವಿ ಕೇಳಸಂಗಿಲ್ಲೇನ್ರಿ?”

ಅವರು ಸ್ವಲ್ಪ ಹೊತ್ತು ಕೈಯ ಎಣ್ಣೆ ಒರೆಸಿಕೊಂಡರು.

“ಎಡಗಿವಿ ಪೂರಾ ಹೋಗೇತಿ. ಬಲಗಿವಿ ಒಂದೀಟು ಐತಿ. ಹೇಳಿದ್ರ ಮಂದಿ ನನ್ನ ಕೂಡ ಮಾತಾಡೋದ ಬಿಡ್ತಾರ ಯವ್ವಾ. ಅದಕ್ಕ ನಾನ ಮಾತಾಡಿಕೋತ ಇರ್ತೀನಿ. ಅವರಿಗೆ ಸರದಿ ಬಂದ್ರ ನನಗ ತ್ರಾಸ.” ಆಮೇಲೆ ಓಣಿಯ ಕಡೆ ತಿರುಗಿ ನೋಡಿದರು. “ಇಲ್ಲಿ ಭಾಳ ಆರಾಮ ಐತಿ. ಎಲ್ಲಾರೂ ಕೈ ಮಾಡಿ ಮಾತಾಡ್ತಾರ. ಯಾರಿಗೂ ಯಾರ ಮಾತೂ ತಿಳಿಯಂಗಿಲ್ಲ. ನಾನೂ ಎಲ್ಲಾರಂಗ ಆಗೀನಿ.”

ಅವರ ಎಣ್ಣೆಗೈ ಹಿಡಿದುಕೊಂಡೆ.

ಹೊರಡುವ ಹಿಂದಿನ ದಿನ ಅಜ್ಜಿಗೆ ಹೇಳಿಬರಲು ಹೋದೆವು. ಅವಳು ಕಾಕಾನನ್ನು ಎದುರಿಗೆ ಕೂಡಿಸಿಕೊಂಡು, ಕೈಸನ್ನೆ ಮಾಡುತ್ತ ಬಹಳ ಹೊತ್ತು ಮಾತಾಡಿದಳು. ಕಾಕಾ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಹೊರಗೆ ಬಂದ ಮೇಲೆ ಏನು ಹೇಳಿದಳೆಂದು ಕೇಳಿದೆ.

“ಆಕಿ ಗಂಡಗ ಕಡೀ ಕಾಲಕ್ಕ ಏನೂ ಕೇಳಸ್ತಿರಲಿಲ್ಲಂತ. ಅಂಗೈ ಮ್ಯಾಲೆ ಬರದು ಮಾತಾಡ್ತಿದ್ಲಂತ. ಅಂವ ಮೊದಲೇ ಹೇಳಿದ್ರ ಇನ್ನೂ ಭಾಳ ದಿನ ಮಾತಾಡಬಹುದಿತ್ತು ಅಂತಾಳ.”

ಮೊಮ್ಮಗಳನ್ನು ಕೇಳಿ ನೋಡಿದೆ. ಒಂದು ಮಾತೂ ತಪ್ಪಿರಲಿಲ್ಲ.

ಶಂಶಾಬಾದಿಗೆ ಕಾಕು ಕಾರು ಮಾಡಿಸಿಕೊಂಡು ಬಂದಿದ್ದರು. ನಾನು ಮುಂದೆ ಕುಳಿತೆ, ಅವರಿಬ್ಬರು ಹಿಂದೆ. ಹೆದ್ದಾರಿಗೆ ಬಂದ ಮೇಲೆ ಕಾಕಾ ಗಂಟಲು ಸರಿಮಾಡಿಕೊಂಡು, ಕಿಟಕಿಯ ಕಡೆ ನೋಡುತ್ತಲೇ ಹೇಳಿದರು. “ನನಗ ಎಡಗಿವಿ ಕೇಳಸಂಗಿಲ್ಲ.”

ಕಾಕು ಅವರ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

“ಮತ್ಯಾಕ ಏಳು ವರ್ಷದಿಂದ ನಿಮ್ಮ ಬಲಕ್ಕ ಕೂಡ್ತೀನಿ ಅಂತ ತಿಳದೀರಿ?”

ಅಲ್ಲಿಂದ ಬಾಲಾನಗರದ ಮನೆಯವರೆಗೆ ಕಾಕಾ ಒಂದು ಮಾತೂ ಆಡಲಿಲ್ಲ. ಕಾಕು ಆಡುತ್ತಲೇ ಇದ್ದರು, ಕಾಕಾ ಅವರ ತುಟಿಗಳನ್ನು ನೋಡುತ್ತಲೇ ಇದ್ದರು.