ಕಷ್ಟಕ್ಕಾಗಿ ಕಾದ ಮಾವ

“ಏಯ್, ಆ ಕತ್ತಿ ಕೆಳಗಿಡಯ್ಯಾ!” ಫಾದರ್ ಚರ್ಚಿನ ಬಾಗಿಲಲ್ಲೇ ಕೂಗಿದರು.

ಶುಭ ಶುಕ್ರವಾರದ ಬೆಳಿಗ್ಗೆ. ನನ್ನ ಸೋದರಮಾವ ಅಂಗಿ ಬಿಚ್ಚಿ, ಎದೆಗೆ ಅಲಗು ಹಿಡಿದು ನಿಂತಿದ್ದ. ನಾವು ಕೊಯಮತ್ತೂರು ಪಕ್ಕದ ಅನ್ನೂರಿನ ಮಗ್ಗದ ಜನ. ಹಬ್ಬದಲ್ಲಿ ಅಮ್ಮನವರನ್ನು ಕರೆಯಲು ಗಂಡಸರು ಎದೆಗೆ ಅಲಗು ಹೊಡೆದುಕೊಳ್ಳುವುದು ನಮ್ಮ ಪದ್ಧತಿ. ಮಾವ ಆಗಷ್ಟೇ ಯೇಸುವಿನ ಕಡೆ ಹೋಗಿದ್ದ. ದೇವರು ಬದಲಾದರೆ ಸಾಕೇ, ಕೈ ಬದಲಾಗಬೇಡವೇ?

“ಅಮ್ಮನಿಗೆ ಕೊಟ್ಟ ರಕ್ತ ಇವ್ರಿಗೆ ಕೊಡ್ದೆ ಇದ್ರೆ ಕೋಪ ಮಾಡ್ಕೊಳಲ್ವಾ, ಫಾದರ್?”

“ಎಲ್ಲಾರಿಗೂ ಸೇರಿಸಿ ಯೇಸುವೇ ರಕ್ತ ಕೊಟ್ಟಾಯ್ತು. ನಿಂದು ಬೇಡ. ತಾವು ಪ್ರೀತಿಸೋರಿಗೇ ದೇವ್ರು ಕಷ್ಟ ಕೊಡ್ತಾರೆ. ಬಂದಾಗ ತಾಳ್ಕೋ, ಮನಸ್ಸು ಬೆಳೆಯುತ್ತೆ. ನೀನಾಗಿ ಹುಡುಕ್ಕೊಂಡು ಹೋಗ್ಬೇಡ.”

ಕೊನೆಯ ಮಾತು ಮಾವನ ಕಿವಿಗೆ ಬೀಳಲಿಲ್ಲ!

ಕಷ್ಟ ಕೊಡು ಎಂದು ದೇವರ ಮುಂದೆ ಅಳುವ ಮನುಷ್ಯನನ್ನು ನೀವು ನೋಡಿದ್ದೀರಾ? ನಮ್ಮ ಮನೆಯಲ್ಲಿ ಒಬ್ಬನಿದ್ದ. ಅವನಿಗಿದ್ದ ಕಷ್ಟ ಒಂದೇ: ಕಷ್ಟವೇ ಬರುತ್ತಿಲ್ಲ. ಕಲ್ಲು ತಿಂದರೂ ಅರಗಿಸುವ ಹೊಟ್ಟೆ. ಒಂದು ಹಲ್ಲುನೋವೂ ಇಲ್ಲ. ಹಾಗಾದರೆ ದೇವರಿಗೆ ತನ್ನ ಮೇಲೆ ಪ್ರೀತಿಯೇ ಇಲ್ಲವೇ? ಇದೇ ಕೊರಗು.

ಪಕ್ಕದ ಮನೆಯವನು ಮೂತ್ರಪಿಂಡದ ಕಲ್ಲಿನಿಂದ ಹೊರಳಾಡುತ್ತಿದ್ದರೆ ಮಾವ ಹೊಟ್ಟೆಕಿಚ್ಚುಪಟ್ಟ.

“ದಿನಾ ಕುಡಿಯೋನು ಡಾ ಅವ್ನು! ಅವ್ನಿಗೆ ಕೊಟ್ಟೋರು ನನಗ್ಯಾಕೆ ಕೊಡ್ಲಿಲ್ಲ?”

“ರೇಷನ್ ಅಂಗಡೀಲಿ ಕೊಡ್ತಾರೆ, ಹೋಗಿ ಕ್ಯೂ ನಿಲ್ಲು ಮಾವ,” ಎಂದೆ.

ಟೌನ್ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಡ್ರೈವರ್ ಪಕ್ಕದ ಸುಡುವ ಎಂಜಿನ್ ಮುಚ್ಚಳದ ಮೇಲೆಯೇ ಕೂರುತ್ತಿದ್ದ. ಕೊಯಮತ್ತೂರು ಬರುವಷ್ಟರಲ್ಲಿ ಗೊರಕೆ! ಎಬ್ಬಿಸಿದರೆ ಮುಖ ಸಪ್ಪೆ.

“ಬೆಚ್ಚಗಿತ್ತು ಡಾ. ಸುಖ ಆಗ್ಬಿಡ್ತು.”

ಅತ್ತೆಗೆ ರೇಗುತ್ತಿತ್ತು. “ಏನುಂಗ, ಕಷ್ಟ ತಾನೇ ಬೇಕು? ಒಂದಿನ ನನ್ನಂಗೆ ನೀರು ಹೊತ್ತು, ಅಡಿಗೆ ಮಾಡಿ, ರಾಟೆ ಸುತ್ತಿ ನೋಡಿ.”

“ಅದು ಕೆಲ್ಸ ಕಣೇ. ಕಷ್ಟ ಅಲ್ಲ.”

ಆಮೇಲೆ ಕಷ್ಟ ಬಂತು. ಬೀದಿಯಲ್ಲಿ ನೂಲು ಹಾಸಿ ಗಂಜಿ ಹಚ್ಚುವಾಗ ಅತ್ತೆ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ಮತ್ತೆ ನಡೆಯುವುದು ಅನುಮಾನ ಎಂದರು ಡಾಕ್ಟರು.

ಫಾದರ್ ನೋಡಲು ಬಂದರು. ಪುಸ್ತಕ ತೆರೆದು, ಕಷ್ಟದಲ್ಲಿ ಮನಸ್ಸು ಬೆಳೆಯುತ್ತದೆ ಎಂದು ಶುರುಮಾಡಿದರು. ಮಾವ ಅವರ ಕೈ ಹಿಡಿದುಕೊಂಡ.

“ಜಾಗ ತಪ್ಪಿ ಬಂದದೆ, ಫಾದರ್. ನಾನು ಕೇಳಿದ್ದು ನನಗೆ. ಇವ್ಳು ಬೆಳೀಬೇಕಾಗಿಲ್ಲ. ಇವ್ಳು ಇಷ್ಟೇ ಇದ್ರೂ ಸಾಕು.”

ಫಾದರ್ ಪುಸ್ತಕ ಮುಚ್ಚಿದರು. ಅವನ ಪಕ್ಕ ಬೆಂಚಿನ ಮೇಲೆ ಕೂತರು.

ಮಾರನೆಯ ದಿನ ನಾನು ಹೋದಾಗ ಮಾವ ಅತ್ತೆಯ ತಲೆಗೂದಲಿನ ಸಿಕ್ಕು ಬೆರಳಲ್ಲೇ ಬಿಡಿಸುತ್ತಿದ್ದ. ಅವಳು ಮುಲುಗಿದರೆ ಇವನ ಮುಖ ಹಿಂಡಿಹೋಗುತ್ತಿತ್ತು. ನನ್ನ ಬಾಯಿ ಸುಮ್ಮನಿರುತ್ತದೆಯೇ?

“ಏನ್ ಮಾವ, ಬೆಳೆದ್ಯಾ?”

“ಮೆಲ್ಲಗೆ ಮಾತಾಡು ಡಾ. ಈಗ್ತಾನೇ ಕಣ್ಣು ಮುಚ್ಚಿದ್ಲು.”