ಗುರೂಜಿಯ ಸಂಕ್ರಾಂತಿ, ಓಂಕಾರಪ್ಪನವರ ಮಿರ್ಚಿ

ಓಂಕಾರಪ್ಪನವರು ಮಿರ್ಚಿ ತಿನ್ನದೆ ಅಂದಿಗೆ ಹತ್ತೊಂಬತ್ತು ದಿನ. ದಾವಣಗೆರೆ ಜಿಲ್ಲೆಯಲ್ಲಿ ಹುಟ್ಟಿ, ಬಾಯಲ್ಲಿ ಸ್ವಂತ ಹಲ್ಲಿಟ್ಟುಕೊಂಡು, ಹತ್ತೊಂಬತ್ತು ದಿನ ಮಂಡಕ್ಕಿ-ಮಿರ್ಚಿ ಮುಟ್ಟದ ಗಂಡಸು ಹಿಂದೆ ಯಾರಾದರೂ ಇದ್ದರೇ ಎಂದು ಅವರು ನಾಲ್ಕು ಕಡೆ ವಿಚಾರಿಸಿದ್ದರು. ನಲ್ಲೂರಿನಲ್ಲಿ ಒಬ್ಬರಿದ್ದರಂತೆ. (ಅವರು ತೀರಿಕೊಂಡು ಬಹಳ ವರ್ಷವಾಯಿತು. ಕಾರಣ ಯಾರೂ ಹೇಳಲಿಲ್ಲ, ಓಂಕಾರಪ್ಪನವರು ಊಹಿಸಿಕೊಂಡರು.)

ಓಂಕಾರಪ್ಪನವರು ಚನ್ನಗಿರಿಯ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಪತ್ರ ಬರಹಗಾರರು. ಮೂವತ್ತು ವರ್ಷಗಳಿಂದ ಊರಿನವರ ಖರೀದಿ ಪತ್ರ, ದಾನ ಪತ್ರ, ಅಣ್ಣತಮ್ಮಂದಿರ ವಿಭಾಗ ಪತ್ರಗಳನ್ನು ಬರೆದು ಬರೆದು, ಮನೆಯಲ್ಲಿ ನೀರು ಕೇಳುವಾಗಲೂ "ಸದರಿ ಲೋಟದಲ್ಲಿ" ಎನ್ನುವ ಮಟ್ಟಕ್ಕೆ ಬಂದಿದ್ದರು. ಸಂಜೆ ಐದೂವರೆಗೆ ಪೆನ್ನಿನ ಕ್ಯಾಪು ಮುಚ್ಚಿದರೆ, ಕಾಲುಗಳು ಯಜಮಾನರ ಅಪ್ಪಣೆಗೂ ಕಾಯದೆ ಬಸ್ ಸ್ಟ್ಯಾಂಡಿನ ಪಕ್ಕದ ತಿಪ್ಪೇಶನ ಮಿರ್ಚಿ ಬಜ್ಜಿಯ ತಳ್ಳುಗಾಡಿಯತ್ತ ಹೊರಡುತ್ತಿದ್ದವು. ಬದುಕಿನಲ್ಲಿ ಅವರಿಗಿದ್ದ ಐಷಾರಾಮ ಅದೊಂದೇ.

ಅದಕ್ಕೆ ಕಲ್ಲು ಬಿದ್ದದ್ದು ಹೊನ್ನಾಳಿಯ ಕಡೆಯಿಂದ. ಅಲ್ಲಿ ಯಾರೋ ಒಬ್ಬ ನಾಯಕರ ಹುಟ್ಟುಹಬ್ಬಕ್ಕೆ ನಿಲ್ಲಿಸಿದ್ದ ಫ್ಲೆಕ್ಸ್ ಕಮಾನು ಗಾಳಿಗೆ ಉರುಳಿತು. ಯಾರಿಗೂ ಪೆಟ್ಟಾಗಲಿಲ್ಲ. ನಾಯಕರ ನಗುಮುಖ ಮಾತ್ರ ಹಲ್ಲುಸಮೇತ ಚರಂಡಿಗೆ ಬಿತ್ತು. ಅದಾದ ಎರಡನೆಯ ದಿನ ಓಂಕಾರಪ್ಪನವರ ನಾದಿನಿ ರೂಪಶ್ರೀ ಜಗಳೂರಿನಿಂದ ತನ್ನ ಅಕ್ಕನಿಗೆ ಒಂದು ಫೇಸ್‌ಬುಕ್ ಪೋಸ್ಟು ಕಳಿಸಿದಳು. 'ತ್ರಿಕಾಲ ದೀಪ' ಎಂಬ ಪೇಜಿನ ಗುರೂಜಿಯೊಬ್ಬರು ಬರೆದದ್ದು: "ತುಂಗಭದ್ರೆಯ ದಡದಲ್ಲಿ ಕಮಾನು ಉರುಳೀತು, ನಾಯಕನ ಮುಖ ಮಣ್ಣು ಮುಟ್ಟೀತು. ಎಚ್ಚರ!" ಪೋಸ್ಟಿನ ಮೇಲಿದ್ದ ತಾರೀಖು ಜನವರಿ ಹದಿನೈದು. ಕಮಾನು ಬಿದ್ದದ್ದು ಅದಾಗಿ ಒಂದು ತಿಂಗಳ ಮೇಲೆ.

"ನೋಡ್ರಿ, ತಿಂಗಳ ಮುಂಚೇನೇ ಬರೆದವ್ರೆ!" ಎಂದು ಹೆಂಡತಿ ನೇತ್ರಾವತಿ ಫೋನನ್ನು ಗಂಡನ ಮೂಗಿಗೆ ತಾಗಿಸಿ ತೋರಿಸಿದರು.

"ಇದರಾಗೆ ಹೊನ್ನಾಳಿ ಅಂತ ಎಲ್ಲೈತೆ?"

"ತುಂಗಭದ್ರೆ ದಡದಾಗೆ ಹೊನ್ನಾಳಿ ಇಲ್ದೆ ಲಂಡನ್ ಐತೇನ್ರೀ?"

ಗುರೂಜಿ ಅಷ್ಟಕ್ಕೇ ನಿಲ್ಲಿಸಿದ್ದರೆ ನಾಯಕರ ಮುಖದೊಂದಿಗೆ ವಿಷಯ ಮುಗಿಯುತ್ತಿತ್ತು. ಮರುದಿನ ಇನ್ನೊಂದು ಬಾಣ ಬಿಟ್ಟರು: "ವೃಷಭ ರಾಶಿಯ ಗಂಡಸರಿಗೆ ದೀಪಾವಳಿಯ ತನಕ ಎಣ್ಣೆಯಲ್ಲಿ ಕರಿದದ್ದು ಕಂಟಕ."

"ನನ್ನದು ವೃಷಭ ಅಂತ ಯಾರೇ ಹೇಳಿದ್ದು?" ಓಂಕಾರಪ್ಪನವರು ಹೌಹಾರಿದರು. "ನಾನು ಹುಟ್ಟಿದ ತಾರೀಖೇ ಗೋವಿನಕೋವಿ ಶಾಲೆ ಮೇಷ್ಟ್ರು ಅಂದಾಜಿಗೆ ಬರ್ಕೊಂಡಿದ್ದು. ನಮ್ಮ ಕ್ಲಾಸಿನ ಮೂವತ್ತೊಂದು ಹುಡುಗ್ರೂ ಜೂನ್ ಒಂದನೇ ತಾರೀಖೇ ಹುಟ್ಟೀವಿ!"

"ಹುಟ್ಟಿದ್ದು ಗೊತ್ತಿಲ್ದಿದ್ರೆ ಹೆಸರಿನ ಮೇಲೆ ರಾಶಿ ನೋಡ್ತಾರೆ. ಓ ಅಂದ್ರೆ ವೃಷಭ. ಬೇಕಾದ್ರೆ ಹೆಸರಿಟ್ಟ ನಿಮ್ಮವ್ವನ್ನ ಕೇಳ್ರಿ."

"ಫೇಸ್‌ಬುಕ್ಕಿನಾಗೆ ಬರೋದೆಲ್ಲ ಸುಳ್ಳು ಕಣೇ!"

ನೇತ್ರಾವತಿ ಅಡುಗೆಮನೆಯ ಫ್ರಿಜ್ಜಿನತ್ತ ಕೈ ತೋರಿಸಿದರು. ಫ್ರಿಜ್ಜಿನ ಬಾಗಿಲಿಗೆ ಲ್ಯಾಮಿನೇಟ್ ಮಾಡಿದ ಹಾಳೆಯೊಂದು ಅಂಟಿತ್ತು. ಹೋದ ವರ್ಷ ಮದುವೆಯ ದಿನದಂದು ಓಂಕಾರಪ್ಪನವರು ಫೇಸ್‌ಬುಕ್ಕಿನಲ್ಲಿ ಹಾಕಿದ್ದ ಪೋಸ್ಟು: "ನನ್ನ ಬಾಳಿನ ಬೆಳಕು ನೇತ್ರಾವತಿಗೆ ಇಪ್ಪತ್ನಾಲ್ಕನೇ ವಾರ್ಷಿಕೋತ್ಸವದ ಶುಭಾಶಯಗಳು." ಕೆಳಗೆ ಗೆಳೆಯರ ಐದಾರು ಕಮೆಂಟು. ಇಪ್ಪತ್ತಮೂರು ವರ್ಷ ಸತತವಾಗಿ ಆ ದಿನವನ್ನು ಮರೆತು ದಾಖಲೆ ಮಾಡಿದ್ದ ಗಂಡ ಇಪ್ಪತ್ನಾಲ್ಕನೆಯ ವರ್ಷ ನೆನಪಿಟ್ಟದ್ದಕ್ಕೆ ಅದೊಂದೇ ಸಾಕ್ಷಿ. ನೇತ್ರಾವತಿ ಅದನ್ನು ಝೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲೇ ಪ್ರಿಂಟ್ ಹಾಕಿಸಿದ್ದರು.

"ಹಂಗಾದ್ರೆ ಅದೂ ಸುಳ್ಳೇನ್ರೀ?"

ಓಂಕಾರಪ್ಪನವರು ಫ್ರಿಜ್ಜಿನತ್ತ ನೋಡದೆ, ಮಿರ್ಚಿಯ ಮೇಲಿನ ನಿಷೇಧಾಜ್ಞೆಯನ್ನು ಒಪ್ಪಿಕೊಂಡರು.

ಕದ್ದು ತಿನ್ನುವ ದಾರಿಯೂ ಮುಚ್ಚಿತ್ತು. ತಿಪ್ಪೇಶ ದೂರದಿಂದಲೇ ಮಿರ್ಚಿ ಎತ್ತುವ ಝಾರಾ ಅಡ್ಡ ಹಿಡಿದ. "ಬ್ಯಾಡ್ರಿ ಬರಹಗಾರ್ರೇ. ಅಕ್ಕಾರು ಫೋನ್ ಮಾಡಿದ್ರು. ನಿಮಗೇನಾದ್ರೂ ಆದ್ರೆ ನನ್ನ ಗಾಡಿ ಹೆಸರು ಕೆಡ್ತೈತೆ. ಬೇಕಾದ್ರೆ ನಿಂತು ವಾಸ್ನೆ ತಗಳ್ರಿ, ಅದಕ್ಕೆ ರೊಕ್ಕ ಕೇಳಲ್ಲ."

ಹೀಗೆ ಹತ್ತೊಂಬತ್ತು ದಿನ ವಾಸನೆಯ ಮೇಲೆ ಜೀವ ಹಿಡಿದ ಓಂಕಾರಪ್ಪನವರು ಇಪ್ಪತ್ತನೆಯ ದಿನ, ಕಕ್ಷಿದಾರರಿಲ್ಲದ ಮಧ್ಯಾಹ್ನದಲ್ಲಿ, ತಮ್ಮ ಶತ್ರುವಿನ ಪೇಜು ತೆರೆದು ಆ ಕಮಾನಿನ ಭವಿಷ್ಯವನ್ನು ದಸ್ತಾವೇಜು ಓದುವ ಹಾಗೆ ಮೇಲಿಂದ ಕೆಳತನಕ ಓದಿದರು. ಭವಿಷ್ಯದ ಕೆಳಗೆ ಕಮೆಂಟುಗಳು. ಮೊದಲನೆಯದು: "ತಮಗೂ ಸಂಕ್ರಾಂತಿ ಶುಭಾಶಯಗಳು ಗುರೂಜಿ." ಎರಡನೆಯದು: "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡೋಣ." ಮೂರನೆಯದು, ಹಾಕಿದವರೇ ಮರೆತುಬಿಟ್ಟದ್ದು, ಸಾಕ್ಷಾತ್ ನೇತ್ರಾವತಿಯವರದೇ: "ನಿಮಗೂ ಗುರೂಜಿ, ಮನೆಮಂದಿಗೆಲ್ಲ ಒಳ್ಳೇದಾಗ್ಲಿ."

ಓಂಕಾರಪ್ಪನವರ ಕನ್ನಡಕ ತಾನಾಗಿಯೇ ಮೂಗಿನ ಮೇಲೇರಿತು. ಕಮಾನು ಬೀಳುತ್ತದೆ ಎಂದರೆ ಎಳ್ಳುಬೆಲ್ಲ ಹಂಚುವವರುಂಟೇ? ಅವರ ಕಸುಬಿನಲ್ಲಿ ಒಂದಕ್ಷರ ತಿದ್ದಿದರೂ ಅಂಚಿನಲ್ಲಿ "ಕಾಟು ಒಂದು" ಎಂದು ಷರಾ ಬರೆದು ಸಹಿ ಹಾಕಬೇಕು. ಇಲ್ಲದಿದ್ದರೆ ಸಾಹೇಬರು ಪತ್ರವನ್ನು ಮುಖಕ್ಕೆ ಎಸೆಯುತ್ತಾರೆ. ಇಲ್ಲಿ ಕಾಟು ಎಲ್ಲೋ ಇದೆ, ಸಹಿ ಇಲ್ಲ! ಫೇಸ್‌ಬುಕ್ಕಿನಲ್ಲಿ ಹಳೆಯ ಪೋಸ್ಟನ್ನು ತಿದ್ದಬಹುದೆಂಬುದು ಅವರಿಗೆ ಮೊದಲೇ ಗೊತ್ತಿತ್ತು. (ಹೇಗೆ ಗೊತ್ತಿತ್ತು ಎಂದು ಈಗಲೇ ಕೇಳಬೇಡಿ.) ತಿದ್ದಿದ ಮೇಲೂ ಮೂಲಪ್ರತಿ ಒಳಗೆ ಭದ್ರವಾಗಿರುತ್ತದೆ ಎಂಬುದು ಗೊತ್ತಾದದ್ದು ಮಾತ್ರ ಅವತ್ತೇ. ಪೋಸ್ಟಿನ ಮೂಲೆಯ ಮೂರು ಚುಕ್ಕಿ ಒತ್ತಿದರು. ಏನೇನೋ ಬಂತು, ಅದರಲ್ಲಿ ತಿದ್ದುಪಡಿಯ ಚರಿತ್ರೆಯೂ ಒಂದು. ಅದನ್ನು ಒತ್ತಿದರು. ಗುರೂಜಿಯ ತ್ರಿಕಾಲವೂ ಒಂದರ ಕೆಳಗೊಂದು ಬಿಚ್ಚಿಕೊಂಡಿತು. ಜನವರಿ ಹದಿನೈದರ ಮೂಲಪ್ರತಿ: "ಸರ್ವರಿಗೂ ಮಕರ ಸಂಕ್ರಾಂತಿಯ ಶುಭಾಶಯಗಳು." ಕಮಾನಿನ ಭವಿಷ್ಯ ಹತ್ತಿದ್ದು, ಕಮಾನು ಬಿದ್ದ ಮೂರು ಗಂಟೆಯ ನಂತರ.

ಅಂದು ಪತ್ರ ಬರಹಕ್ಕೆ ಅರ್ಧ ದಿನ ರಜೆ.

ಮನೆಗೆ ಬಂದವರು ನ್ಯಾಯಸಮ್ಮತವಾಗಿರಲಿ ಎಂದು ಸಾಕ್ಷಿಗೆ ರೂಪಶ್ರೀಯನ್ನೂ ವಿಡಿಯೋ ಕಾಲಿನಲ್ಲಿ ಕೂರಿಸಿ, ಹೆಂಡತಿಯ ಫೋನಿನಲ್ಲೇ ಮೂರು ಚುಕ್ಕಿ ಒತ್ತಿಸಿ ತೋರಿಸಿದರು. ನೇತ್ರಾವತಿ ಓದಿದರು. ಇನ್ನೊಮ್ಮೆ ಓದಿದರು. ಮುಖ ಸಪ್ಪಗಾಯಿತು.

"ಅಯ್ಯೋ ಇವನ ಭವಿಷ್ಯಕ್ಕಿಷ್ಟು! ಎಳ್ಳುಬೆಲ್ಲದ ಮೇಲೆ ಕಮಾನು ಕೆಡವ್ಯಾನೆ!"

"ಭಾವ, ನಾನು ಬರೇ ಫಾರ್ವರ್ಡ್ ಮಾಡಿದ್ದು ಅಷ್ಟೇ," ಎಂದಿತು ಜಗಳೂರು.

"ಫಾರ್ವರ್ಡ್ ಮಾಡಿದೋರೂ ಅಪರಾಧಿಗಳೇ!" ಓಂಕಾರಪ್ಪನವರು ಸೋಫಾದ ಮೇಲೆ ಹೈಕೋರ್ಟಿನಂತೆ ಕುಳಿತಿದ್ದರು. "ಇಪ್ಪತ್ತು ದಿನ ಒಬ್ಬ ನಿರಪರಾಧಿ ಮಿರ್ಚಿ ಇಲ್ದೆ ಕೊರಗ್ಯಾನೆ!"

"ತಪ್ಪಾತು ಬಿಡ್ರಿ," ಎಂದರು ನೇತ್ರಾವತಿ, ಇಪ್ಪತ್ತೈದು ವರ್ಷದಲ್ಲಿ ಮೊದಲ ಬಾರಿಗೆ. "ಅಲ್ರೀ, ಈ ಮೂರು ಚುಕ್ಕಿ ಎಲ್ಲಾರ ಪೋಸ್ಟಿಗೂ ಇರ್ತೈತಾ?"

ಮನುಷ್ಯ ಗೆದ್ದಾಗ ಬಾಯಿ ಮುಚ್ಚಿಕೊಂಡಿರಬೇಕು. ಗೆದ್ದು ಅಭ್ಯಾಸವಿಲ್ಲದ ಗಂಡಂದಿರಿಗೆ ಇದು ಗೊತ್ತಿರುವುದಿಲ್ಲ.

"ಎಲ್ಲಾರ್ದಕ್ಕೂ!" ಓಂಕಾರಪ್ಪನವರು ತೊಡೆ ತಟ್ಟಿದರು. "ಗುರೂಜಿ ಆಗ್ಲಿ, ಯಾವ ದೊಡ್ಡ ಮನುಷ್ಯ ಆಗ್ಲಿ, ತಿದ್ದಿದ್ರೆ ಸಿಕ್ಕೇ ಬೀಳ್ತಾನೆ. ಒತ್ತಿ ನೋಡು, ಜಗತ್ತಿನ ಬಂಡವಾಳ ಎಲ್ಲಾ ಕಾಣ್ತೈತೆ!"

"ಹೌದಾ? ಹೋಗ್ಬರ್ರಿ ಮತ್ತೆ, ತಿಪ್ಪೇಶಂಗೆ ನಾನೇ ಹೇಳ್ತೀನಿ."

ತಿಪ್ಪೇಶ ಅಂದು ಕಾಗದದ ಮೇಲೆ ಒಂದಲ್ಲ ಮೂರು ಮಿರ್ಚಿ ಇಟ್ಟು, ಪಕ್ಕದಲ್ಲಿ ಮಂಡಕ್ಕಿ ಸುರಿದು, ಈರುಳ್ಳಿ ಹೆಚ್ಚಿಹಾಕಿದ. ಓಂಕಾರಪ್ಪನವರು ಮೊದಲನೆಯದನ್ನು ತೊಟ್ಟು ಹಿಡಿದೆತ್ತಿದರು. ಮಿರ್ಚಿಗೂ ಬಾಯಿಗೂ ಎರಡಂಗುಲ ಅಂತರವಿದ್ದಾಗ ಫೋನು ಬಡಿದುಕೊಂಡಿತು.

"ರೀ," ಎಂದಿತು ನೇತ್ರಾವತಿಯವರ ದನಿ, ಅನುಮಾನ ಬರುವಷ್ಟು ಮೆತ್ತಗೆ. "ನಮ್ಮ ವಾರ್ಷಿಕೋತ್ಸವದ ಪೋಸ್ಟಿಗೂ ಮೂರು ಚುಕ್ಕಿ ಐತೆ."

ಮಿರ್ಚಿ ಗಾಳಿಯಲ್ಲೇ ನಿಂತಿತು.

"ಮೂಲದಾಗೆ ಏನೈತೆ ಓದ್ಲಾ? 'ತಿಪ್ಪೇಶನ ಗಾಡೀಲಿ ಇವತ್ತು ಮಿರ್ಚಿ ಭಾರೀ ಬಿಸಿ, ಬರೋರು ಬೇಗ ಬರ್ರಿ.' ಸಂಜೆ ಐದು ನಲವತ್ತು. ನನ್ನ ಹೆಸರು ಹತ್ತಿದ್ದು ರಾತ್ರಿ ಎಂಟು ಹತ್ತಕ್ಕೆ. ಇವತ್ಯಾವ ದಿನ ಗೊತ್ತೇನ್ರಿ ಅಂತ ನಾನು ಅಳ್ತಿದ್ದಾಗ, ಕೈಕಾಲು ತೊಳ್ಕಂಡು ಬರ್ತೀನಿ ಅಂತ ಬಚ್ಚಲಿಗೆ ಹೋದ್ರಲ್ಲ, ಆವಾಗ!"

"ನೇತ್ರಾ, ಅದು..."

"ನನ್ನ ಮದುವೆ ದಿನಕ್ಕೆ ನಿಮ್ಮ ಗೆಳೆಯ ಮಹೇಶ್ವರಪ್ಪಾರು 'ನಂಗೆರಡು ಹೇಳು, ಈರುಳ್ಳಿ ಜಾಸ್ತಿ ಹಾಕ್ಸು' ಅಂತ ಯಾಕೆ ಬರೆದವ್ರೆ ಅಂತ ಒಂದು ವರ್ಷದಿಂದ ತಲೆ ಕೆಡಿಸ್ಕಂಡೀನಿ! ನಿಮ್ಮ ಕಡೆ ಹಂಗೇ ಹಾರೈಸ್ತಾರೇನೋ ಅಂದ್ಕಂಡು 'ಧನ್ಯವಾದ ಅಣ್ಣಾ' ಅಂತ ಬೇರೆ ಹಾಕೀನಿ! ಫೋನು ತಿಪ್ಪೇಶಂಗೆ ಕೊಡ್ರಿ."

ಓಂಕಾರಪ್ಪನವರು ಫೋನು ಕೊಟ್ಟರು. ತಿಪ್ಪೇಶ "ಹೂನ್ರಕ್ಕಾ, ಹೂನ್ರಕ್ಕಾ" ಎನ್ನುತ್ತ ಇನ್ನೊಂದು ಕೈಯಿಂದ ಮೊದಲು ಕಾಗದ ಎಳೆದುಕೊಂಡ. ಆಮೇಲೆ, ಬಹಳ ಸಂಕಟದಿಂದ, ಅವರ ಬೆರಳ ತುದಿಯಿಂದ ಮಿರ್ಚಿಯನ್ನೂ ಬಿಡಿಸಿಕೊಂಡ.

ಮನೆಯಲ್ಲಿ ಲ್ಯಾಮಿನೇಟ್ ಹಾಳೆ ಫ್ರಿಜ್ಜಿನಿಂದ ಇಳಿದು ಮೇಜಿನ ಮೇಲೆ ಕಾದಿತ್ತು. ಪಕ್ಕದಲ್ಲಿ ಮಾರ್ಕರ್ ಪೆನ್ನು. ರೂಪಶ್ರೀ ಮತ್ತೆ ವಿಡಿಯೋ ಕಾಲಿನಲ್ಲಿ ಬಂದು ಕುಳಿತಿದ್ದಳು.

"ಕಾಟು ಹಾಕಿದ್ರೆ ಸಹಿ ಬೀಳ್ಬೇಕು ಅಂತ ದಿನಾ ಹೇಳ್ತೀರಲ್ಲ," ಎಂದರು ನೇತ್ರಾವತಿ. "ಹಾಕ್ರಿ."

ಮೂವತ್ತು ವರ್ಷದ ಅನುಭವವನ್ನೆಲ್ಲ ಧಾರೆಯೆರೆದು ಓಂಕಾರಪ್ಪನವರು ಅಂಚಿನಲ್ಲಿ ದುಂಡಗೆ ಷರಾ ಬರೆದರು: "ಮೇಲ್ಕಂಡ ಬರಹ ಪೂರಾ ಕಾಟು. ಮೂಲದಲ್ಲಿ ಮಿರ್ಚಿ." ಕೆಳಗೆ ಸಹಿ.

"ಸಾಕ್ಷಿ ನಾನು ಭಾವ!" ಎಂದಿತು ಜಗಳೂರು.

ಹಾಳೆ ಮತ್ತೆ ಫ್ರಿಜ್ಜಿಗೇರಿತು. ಮರುದಿನ ಬೆಳಿಗ್ಗೆ ನೇತ್ರಾವತಿಯವರು ತಮ್ಮ ಫೇಸ್‌ಬುಕ್ಕಿನಲ್ಲಿ ಮೊಟ್ಟಮೊದಲ ಭವಿಷ್ಯವಾಣಿ ಪ್ರಕಟಿಸಿದರು: "ಚನ್ನಗಿರಿಯ ಓಂಕಾರಪ್ಪನವರಿಗೆ ಇಪ್ಪತ್ತೈದನೆಯದೂ ದಾಟಿ ಇಪ್ಪತ್ತಾರನೇ ವಾರ್ಷಿಕೋತ್ಸವದ ತನಕ ಮಿರ್ಚಿ ಯೋಗವಿಲ್ಲ." ಕೆಳಗೆ ಮೊದಲ ಕಮೆಂಟು ತಿಪ್ಪೇಶನದು: "ನಡೆಸಿಕೊಡ್ತೀವಿ ಅಕ್ಕಾ."

ಅಂದಿನಿಂದ ಓಂಕಾರಪ್ಪನವರು ದಿನಾ ಸಂಜೆ ಐದೂವರೆಗೆ ಪೆನ್ನಿನ ಕ್ಯಾಪು ಮುಚ್ಚಿ, ಆ ಪೋಸ್ಟು ತೆರೆದು, ಆಸೆಯಿಂದ ಮೂರು ಚುಕ್ಕಿ ಒತ್ತಿ ನೋಡುತ್ತಾರೆ. ಇಂದಿಗೂ ಒಂದು ಕಾಟಿಲ್ಲ, ಒಂದು ಚಿತ್ತಿಲ್ಲ. ಭವಿಷ್ಯವಂತೂ ದಿನದಿನವೂ ಅಕ್ಷರಶಃ ನಿಜವಾಗುತ್ತಿದೆ.