ಫ್ರಿಜ್ಜಿನ ಮೇಲಂತಸ್ತಿನಲ್ಲಿ ಹಂದಿಮಾಂಸ

ಮಾಂಸದ ಕಾರ್ಖಾನೆಯ ಮಾಲೀಕ ನನಗೆ ಇನ್ನೂ ಎರಡು ತಿಂಗಳ ಸಂಬಳ ಕೊಡಬೇಕು. ಗೇಟಿನ ಮುಂದೆ ಕೂತು ಗಂಟಲು ಹರಿದುಕೊಂಡಿದ್ದಕ್ಕೆ ಸದ್ಯಕ್ಕೆ ಸಿಕ್ಕಿದ್ದು ಒಂದು ಚೀಲ ಹಸಿ ಹಂದಿಮಾಂಸ. "ಬಾಕಿ ಆಮೇಲೆ" ಅಂದ. ಇರಲಿ, ಬಿಡುವವರು ಯಾರು! ಗೆದ್ದ ಮಾಲನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆಯಲ್ಲೇ ಮನೆಗೆ ಬಂದೆ. ಮೆರವಣಿಗೆಯಲ್ಲಿ ಇದ್ದವನು ನಾನೊಬ್ಬನೇ.

ಹೆಂಡತಿ ಅಂಗಡಿಗೆ ಹೋಗಿದ್ದಳು. ಫ್ರಿಜ್ಜಿನ ಬಾಗಿಲು ತೆಗೆದೆ. ಮೇಲಿನ ಹಲಗೆಯಲ್ಲಿ ಬೆಣ್ಣೆ, ಹಾಲು, ಜಾಮು ಕಾಲು ಚಾಚಿ ಕೂತಿದ್ದವು. ತಳದಲ್ಲಿ ಒಂದಿಷ್ಟು ಜಾಗ. ನನ್ನ ರಕ್ತ ಕುದಿಯಿತು. ನಮ್ಮ ಬೆವರಿನ ಫಲ ತಳದಲ್ಲಿ ಕೂರಬೇಕೇ? ಜೀವಮಾನವಿಡೀ ನಾವು ತಳದಲ್ಲಿದ್ದದ್ದು ಸಾಲದೇ? ಸಮಾನತೆ ಇವತ್ತು ಈ ಫ್ರಿಜ್ಜಿನಿಂದಲೇ ಶುರು! ಬೆಣ್ಣೆಯನ್ನು ಕೆಳಗಿಳಿಸಿದೆ, ಚೀಲವನ್ನು ಹಾಗೇ ಮೇಲೆ ಕೂರಿಸಿದೆ. ಚೀಲದ ಮೂಲೆಯಲ್ಲಿ ತೂತಿತ್ತು. ಕ್ರಾಂತಿಯ ಹೊತ್ತಿನಲ್ಲಿ ತೂತು ಯಾರು ನೋಡುತ್ತಾರೆ?

ಸಂಜೆ ಅತ್ತೆ ಹಸಿವು ಅಂದರು. ಹೊಟ್ಟೆಯ ಆಪರೇಷನ್ ಮುಗಿಸಿ ಆಸ್ಪತ್ರೆಯಿಂದ ಆಗಷ್ಟೇ ಬಂದವರು. ಏನು ಕೊಟ್ಟರೂ ಮೆತ್ತಗೆ, ಶುಚಿಯಾಗಿ ಕೊಡಿ, ಸ್ವಲ್ಪ ಹೆಚ್ಚುಕಮ್ಮಿಯಾದರೂ ವಾಪಸ್ ಇಲ್ಲಿಗೇ ಎಂದು ಡಾಕ್ಟರು ಹೆದರಿಸಿದ್ದರು. ಹೆಂಡತಿ ಬೇಯಿಸಿಟ್ಟಿದ್ದ ಸೇಬಿನ ಬಟ್ಟಲು ಕೆಳಗಿನ ಹಲಗೆಯಲ್ಲಿತ್ತು. ತಂದು ಕೊಟ್ಟೆ. ಅತ್ತೆ ಚಮಚ ಎತ್ತಿದರು.

"ಅಳಿಯಂದಿರೇ, ಇದರ ಮೇಲೆ ಕೆಂಪಗೆ ಏನಿದು?"

"ಸೇಬು ಅಂದಮೇಲೆ ಕೆಂಪಗಿರಬೇಡ್ವೇ? ತಿನ್ನಿ."

"ಸಿಪ್ಪೆ ತೆಗೆದಿದ್ದಾಳಲ್ಲಪ್ಪ!"

ಅಡುಗೆಮನೆಯಿಂದ ಓಡಿಬಂದ ಹೆಂಡತಿ ಚಮಚ ಕಿತ್ತುಕೊಂಡಳು.

"ರೀ! ಹಸಿ ಮಾಂಸದ ನೀರು ಅಮ್ಮನ ಬಟ್ಟಲಿಗೆ ಸೋರಿದೆ! ಅದನ್ನ ಮೇಲಿಟ್ಟವರು ಯಾರು?"

"ಯಾಕೆ, ಅದು ಮೇಲೆ ಕೂರಬಾರದಾ? ಎಲ್ಲರೂ ಸಮ..."

"ಸಮಾನತೆ ಆಮೇಲೆ. 'ಮೇಲೆ ಕೂತವರ ಹೊಲಸು ಕೆಳಗಿರೋರ ತಟ್ಟೆಗೆ ಯಾಕೆ ಬೀಳಬೇಕು?' ಅಂತ ಗೇಟಿನ ಮುಂದೆ ಮೈಕ್ ಹಿಡಿದು ಕೂಗ್ತಿದ್ರಲ್ಲ, ಆ ಮಹಾನುಭಾವರು ಯಾರು?"

ನನ್ನದೇ ಘೋಷಣೆ! ಮಾಲೀಕನೇ ಇನ್ನೂ ಅದಕ್ಕೆ ಉತ್ತರ ಕೊಟ್ಟಿಲ್ಲ.

ಸೇಬು ಕಸಕ್ಕೆ ಹೋಯಿತು. ಹಲಗೆಗಳನ್ನೆಲ್ಲ ಕಿತ್ತು ಸೋಪು, ಬಿಸಿನೀರು ಹಾಕಿ ನಾನೇ ತಿಕ್ಕಿದೆ. ನಾಳೆಗೆ ಬೇಕಾದಷ್ಟು ಮಾಂಸ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕೂತು ತಳಕ್ಕಿಳಿಯಿತು. ಮಿಕ್ಕಿದ್ದನ್ನು ಅವಳು ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ ಫ್ರೀಜರಿಗೆ ತುರುಕಿದಳು.

"ಫ್ರೀಜರ್ ಎಲ್ಲಕ್ಕಿಂತ ಮೇಲಿದೆಯಲ್ಲೇ?" ಎಂದೆ, ಸಣ್ಣ ಆಸೆಯಿಂದ.

"ಕಲ್ಲಾದಮೇಲೆ ಎಲ್ಲಿ ಬೇಕಾದ್ರೂ ಕೂರಲಿ. ಸೋರಲ್ಲ."

ಹೊಸ ಸೇಬು ಬೇಯುವವರೆಗೆ ಅತ್ತೆ ಹಸಿದೇ ಕಾದರು. ಸಿಪ್ಪೆ ತೆಗೆದವನೂ ನಾನೇ, ಬೇಯಿಸಿದವನೂ ನಾನೇ. ಬಟ್ಟಲು ಕೈಗೆ ಕೊಟ್ಟರೆ ಆ ಮಹಾತಾಯಿ ಮೊದಲು ನೋಡಿದ್ದು ಸೇಬನ್ನಲ್ಲ, ತಲೆಯ ಮೇಲಿನ ಚಾವಣಿಯನ್ನು!

ನೀವೇನು ನಗ್ತಾ ಕೂತಿದ್ದೀರಿ? ಏಳಿ. ಹೋಗಿ ನಿಮ್ಮ ಫ್ರಿಜ್ಜಿನ ಬಾಗಿಲು ತೆಗೆಯಿರಿ. ಹಸಿ ಮಾಂಸ ಮೇಲೆ ಕೂತಿದ್ದರೆ ಕೆಳಗಿಳಿಸಿ. ಆಮೇಲಲ್ಲ, ಈಗ!